ಸೊಲ್ಲಾಪುರದ ಸೇಠ್ ಮತ್ತು ನಮ್ಮ ಮನೆಯ ಪದ್ಮಿನಿ

ನನ್ನ ಕಚೇರಿ ಇರುವುದು ಬಲಾರ್ಡ್ ಎಸ್ಟೇಟಿನಲ್ಲಿ. ಮುಲುಂಡಿನಿಂದ ಬೆಳಗಿನ ಫಾಸ್ಟ್ ಲೋಕಲ್ ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿದು, ಜಿಪಿಒ ಪಕ್ಕದ ರಸ್ತೆಯಲ್ಲಿ ಹತ್ತು ನಿಮಿಷ ನಡೆಯಬೇಕು. ಆ ರಸ್ತೆಯ ಹೆಸರು ವಾಲ್‌ಚಂದ್ ಹೀರಾಚಂದ್ ಮಾರ್ಗ. ಹತ್ತೊಂಬತ್ತು ವರ್ಷ ಆ ಫಲಕದ ಕೆಳಗೆ ಓಡಾಡಿದ್ದೇನೆ. ಮುಂಬೈಯಲ್ಲಿ ಇಂಥ ಹೆಸರುಗಳಿಗೆ ಬರವಿಲ್ಲ. ಯಾರೋ ಸೇಠ್ ಇರಬೇಕು, ಎಲ್ಲೋ ಧರ್ಮಶಾಲೆ ಕಟ್ಟಿಸಿರಬೇಕು ಎಂದುಕೊಂಡು ವಡಾಪಾವ್ ಗಾಡಿ ದಾಟಿ ಮುಂದೆ ಹೋಗುವುದೇ ಅಭ್ಯಾಸವಾಗಿತ್ತು. ಆತ ಯಾರು ಎಂದು ತಿಳಿದುಕೊಳ್ಳುವಂತಾದದ್ದು ನಮ್ಮ ಕಾರಿನ ದೆಸೆಯಿಂದ.

ಕಾರು ಅಪ್ಪನದು. 1986ರ ಪ್ರೀಮಿಯರ್ ಪದ್ಮಿನಿ, ಹಾಲಿನ ಬಣ್ಣ. ಅಪ್ಪ ಹೋಗಿ ಆರು ವರ್ಷವಾಯಿತು. ಅಂದಿನಿಂದ ಅದು ನಮ್ಮ ಸೊಸೈಟಿಯ ಕಾಂಪೌಂಡಿನ ಮೂಲೆಯಲ್ಲಿ, ಗುಲ್‌ಮೊಹರ್ ಮರದ ಕೆಳಗೆ ಹೂವು, ಹಕ್ಕಿ ಹಿಕ್ಕೆ ಎರಡನ್ನೂ ಹೊತ್ತು ನಿಂತಿತ್ತು. ಭಾನುವಾರಗಳಂದು ಚಾಲೂ ಮಾಡಿ, ತಪಾಸಣೆ ನಾಕಾದವರೆಗೆ ಒಂದು ಸುತ್ತು ಹೊಡೆದು ತಂದು ನಿಲ್ಲಿಸುತ್ತಿದ್ದೆ. ಈಗ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ಮೂರು ವರ್ಷ ಬಾಡಿಗೆ ಮನೆ. ಅಲ್ಲಿ ಒಂದೇ ಕಾರಿಗೆ ಜಾಗ. ಹೊಸ ಕಟ್ಟಡ ಎದ್ದ ಮೇಲೂ ಅಷ್ಟೇ. ಗುಜರಿಗೆ ಹಾಕಿ ಎಂದವರೇ ಎಲ್ಲ. ಅಮ್ಮ ಮಾತ್ರ ಆ ಮಾತು ಬಂದಾಗಲೆಲ್ಲ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು.

ಕೊನೆಗೆ ತಿಪಟೂರಿನ ಹತ್ತಿರ ಹಳ್ಳಿಯಲ್ಲಿರುವ ದೊಡ್ಡಪ್ಪನಿಗೆ ಫೋನು ಹೋಯಿತು. ಅವರು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಎಂಬತ್ತು ದಾಟಿದ್ದರೂ ಊರಿನ ಪಂಪ್‌ಸೆಟ್ಟುಗಳಿಗೆ ಇಂದಿಗೂ ಅವರೇ ವೈದ್ಯರು. ತೋಟದ ಮನೆಯಲ್ಲಿ ಕೊಬ್ಬರಿ ಅಟ್ಟದ ಪಕ್ಕ ಜಾಗ ಇದೆ, ತಂದು ಬಿಡು ಎಂದರು. ಒಂದು ಷರತ್ತು ಹಾಕಿದರು: ಲಾರಿಯ ಮೇಲೆ ಹೊರಿಸಿ ಕಳಿಸಕೂಡದು, ಓಡಿಸಿಕೊಂಡೇ ಬರಬೇಕು. ಓಡದ ಯಂತ್ರ ಅವರ ದೃಷ್ಟಿಯಲ್ಲಿ ಹೆಣ. ಮುಲುಂಡಿನಿಂದ ಅಲ್ಲಿಗೆ 900 ಕಿಲೋಮೀಟರಿಗೂ ಮೇಲೆ. ತಪಾಸಣೆ ನಾಕಾ ದಾಟದ ಗಾಡಿ!

ನಮ್ಮ ಎಲ್‌ಬಿಎಸ್ ರಸ್ತೆಯ ಮಿಸ್ತ್ರಿಗೆ ಅರವತ್ತೈದು ಕಳೆದಿದೆ. ಹುಡುಗನಾಗಿದ್ದಾಗ ಕುರ್ಲಾದ ಮೋಟಾರು ಕಾರ್ಖಾನೆಯ ಹತ್ತಿರದ ಗ್ಯಾರೇಜಿನಲ್ಲಿ ಪಾನಾ ಹಿಡಿದು ಕಲಿತವರು. ಬಾನೆಟ್ ಎತ್ತಿ, ಡಿಪ್‌ಸ್ಟಿಕ್ ಎಳೆದು, ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದರು. ಇಂಜಿನ್ನಿಗೆ ಏನೂ ಆಗಿಲ್ಲ, ರಬ್ಬರೆಲ್ಲ ಸತ್ತಿದೆ ಎಂದು ತೀರ್ಪು ಕೊಟ್ಟರು. ಆಮೇಲೆ ಬಾನೆಟ್ಟನ್ನು ಎರಡು ಸಲ ತಟ್ಟಿ, ವಾಲ್‌ಚಂದ್ ಸೇಠರ ಗಾಡಿ, ಹೋಗುತ್ತೆ ಹೋಗಿ ಎಂದರು. ದಿನಾ ನಡೆಯುವ ರಸ್ತೆಯ ಹೆಸರು ಗ್ಯಾರೇಜಿನಲ್ಲಿ ಕೇಳಿ ನನಗೆ ಬೆರಗಾಯಿತು. ಕಾರು ಒಂದು ತಿಂಗಳು ಜಾಕಿನ ಮೇಲಿತ್ತು. ಆ ಒಂದು ತಿಂಗಳು ನಾನು ಲೋಕಲ್ಲಿನಲ್ಲಿ ಕೂತು, ನಿಂತು, ನೇತಾಡಿ ಆ ಸೇಠರ ಕಥೆ ಓದಿದೆ.

ವಾಲ್‌ಚಂದ್ ಹುಟ್ಟಿದ್ದು 1882ರ ನವೆಂಬರ್ 23ರಂದು ಸೊಲ್ಲಾಪುರದಲ್ಲಿ. ಸೊಲ್ಲಾಪುರವೆಂದರೆ ನಮಗೆ ಅರ್ಧ ನಮ್ಮೂರೇ. ಸಿದ್ಧರಾಮನ ಊರು, ಚಾದರದ ಊರು, ಪೇಟೆಯಲ್ಲಿ ಇಂದಿಗೂ ಕನ್ನಡ ಕಿವಿಗೆ ಬೀಳುವ ಊರು. ಆ ಮನೆತನವೂ ವಲಸೆ ಬಂದದ್ದೇ: ಸೌರಾಷ್ಟ್ರದ ಕಡೆಯಿಂದ ಬಂದು ನೆಲೆಸಿದ ಗುಜರಾತಿ ದಿಗಂಬರ ಜೈನರು. ಹತ್ತಿ ವ್ಯಾಪಾರ, ಲೇವಾದೇವಿ. ಹುಡುಗನನ್ನು ಓದಲು ಮುಂಬೈಗೆ, ಆಮೇಲೆ ಪುಣೆಗೆ ಕಳಿಸಿದರು. ಪದವಿ ಮುಗಿಯಲಿಲ್ಲ. ಗದ್ದಿಗೆ ದಿಂಬಿಗೊರಗಿ ಬಡ್ಡಿ ಲೆಕ್ಕ ಬರೆಯುವುದೂ ಹಿಡಿಸಲಿಲ್ಲ.

ರೈಲ್ವೆಯಲ್ಲಿ ಗುಮಾಸ್ತನಾಗಿದ್ದ ಲಕ್ಷ್ಮಣರಾವ್ ಫಾಟಕ್ ಎಂಬುವರ ಜೊತೆ ಪಾಲುದಾರಿಕೆ ಮಾಡಿಕೊಂಡು ಅವರು ಗುತ್ತಿಗೆದಾರರಾದರು. ಸೇಠರ ಮನೆ ಹುಡುಗ ಮಣ್ಣು ಹೊರಿಸುವ ಕೆಲಸಕ್ಕೆ ಇಳಿದ. ಸೊಲ್ಲಾಪುರ ಸೀಮೆಯದೇ ಆದ ಬಾರ್ಶಿ ಲೈಟ್ ರೈಲ್ವೆ, ಆ ಪುಟ್ಟ ಹಳಿಯ ರೈಲು, ಅವರ ಮೊದಲ ಕೆಲಸಗಳಲ್ಲಿ ಒಂದು. ಫಾಟಕರಿಗೆ ರೈಲ್ವೆಯ ಒಳಮರ್ಮ ಗೊತ್ತು, ವಾಲ್‌ಚಂದರಿಗೆ ಹಣ ಹುಟ್ಟಿಸುವುದು ಗೊತ್ತು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಗುತ್ತಿಗೆದಾರರಾಗಿ ಹೆಸರೂ ಬಂದಿತ್ತು, ದುಡ್ಡೂ ಬಂದಿತ್ತು. ಮುಂದೆ ಟಾಟಾಗಳ ಜೊತೆ ಸೇರಿ ಟಾಟಾ ಕನ್‌ಸ್ಟ್ರಕ್ಷನ್ ನಡೆಸಿದರು. ಮುಂಬೈ–ಪುಣೆ ರೈಲುಮಾರ್ಗಕ್ಕಾಗಿ ಭೋರ್ ಘಾಟಿಯಲ್ಲಿ ಸುರಂಗ ಕೊರೆದರು. ತಾನ್ಸಾ ಕೆರೆಯಿಂದ ಮುಂಬೈಗೆ ನೀರಿನ ಕೊಳವೆ ಹಾಕಿದರು. ಆ ದೈತ್ಯ ಕೊಳವೆಗಳು ನಮ್ಮ ಮುಲುಂಡಿನ ಮೂಲಕವೇ ಹಾದುಹೋಗುತ್ತವೆ. ಊರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಖಂಡಾಲದ ಸುರಂಗ ಬಂದಾಗಲೆಲ್ಲ ಕೂಗು ಹಾಕುತ್ತಿದ್ದ ಮಕ್ಕಳಲ್ಲಿ ನಾನೂ ಒಬ್ಬ. ಅದನ್ನು ಯಾರು ಕೊರೆದರು ಎಂದು ಕೇಳುವ ವಯಸ್ಸು ಅದಾಗಿರಲಿಲ್ಲ.

ಗ್ಯಾರೇಜಿನಲ್ಲಿ ಮೊದಲು ಕಳಚಿದ್ದು ಬ್ರೇಕು. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ನಿಂತೇ ಇದ್ದ ಗಾಡಿಯಲ್ಲಿ ಮೊದಲು ಕೈಕೊಡುವುದು ವೀಲ್ ಸಿಲಿಂಡರಿನ ರಬ್ಬರು. ಎಣ್ಣೆ ಜಿನುಗಿ ಬ್ರೇಕ್ ಶೂ ಎಲ್ಲ ನೆನೆದುಹೋಗಿತ್ತು. ನಾನು ಆರು ವರ್ಷ ಭಾನುವಾರ ಭಾನುವಾರ ಓಡಿಸಿದ್ದು ಒಂದೂವರೆ ಚಕ್ರದ ಬ್ರೇಕಿನಲ್ಲಿ ಎಂದು ಮಿಸ್ತ್ರಿ ಲೆಕ್ಕ ಹೇಳಿದಾಗ ಹೆಂಡತಿಗೆ ತಿಳಿಸದೆ ಇರುವುದೇ ಮೇಲೆನಿಸಿತು. ಆಮೇಲೆ ಪೆಟ್ರೋಲಿನ ದಾರಿ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್. ಹಳೆಯ ಕಾಲದ ರಬ್ಬರ್ ನಳಿಗೆಗಳಿಗೆ ಅದು ಆಗಿಬರುವುದಿಲ್ಲ. ಒಳಗೊಳಗೇ ಉಬ್ಬಿ, ಉದುರಿ, ಕಾರ್ಬುರೇಟರಿನ ಸಣ್ಣ ತೂತಿಗೆ ಬಂದು ಕೂರುತ್ತದೆ. ನಳಿಗೆ, ಪಂಪಿನ ಡಯಾಫ್ರಮ್ ಎಲ್ಲ ಹೊಸದು. ಟ್ಯಾಂಕು ಇಳಿಸಿ ತೊಳೆದಾಗ ತಳದಲ್ಲಿ ಕಾಫಿ ಗಷ್ಟಿನಂಥ ತುಕ್ಕು ಬಂತು.

ವಾಲ್‌ಚಂದರ ದೊಡ್ಡ ಸಾಹಸ ಶುರುವಾದದ್ದೂ ಒಂದು ಹಳೆಯ ಗಾಡಿಯಿಂದಲೇ. ನೆಲದ್ದಲ್ಲ, ನೀರಿನದು. 1919ರಲ್ಲಿ ಗ್ವಾಲಿಯರ್ ಮಹಾರಾಜ ಸಿಂಧಿಯಾ ಅವರ ಲಾಯಲ್ಟಿ ಎಂಬ ಹಡಗು ಮಾರಾಟಕ್ಕಿದೆ ಎಂಬ ಸುದ್ದಿ ರೈಲು ಪ್ರಯಾಣವೊಂದರಲ್ಲಿ ಅವರ ಕಿವಿಗೆ ಬಿತ್ತು. ಅದು ಹಿಂದೆ ಕೆನಡಾದ ಕಂಪನಿಯೊಂದರ ಪ್ರಯಾಣಿಕರ ಹಡಗಾಗಿತ್ತು. ಯುದ್ಧಕಾಲದಲ್ಲಿ ಮಹಾರಾಜರು ಕೊಂಡು ಆಸ್ಪತ್ರೆ ಹಡಗು ಮಾಡಿದ್ದರು. ವಯಸ್ಸು ಆಗಲೇ ಸುಮಾರು 28. ವಾಲ್‌ಚಂದರಿಗೆ ಹಡಗಿನ ವ್ಯಾಪಾರ ಗೊತ್ತಿರಲಿಲ್ಲ. ಆದರೆ ಭಾರತದ ಸಮುದ್ರ ವ್ಯಾಪಾರವೆಲ್ಲ ಬ್ರಿಟಿಷ್ ಕಂಪನಿಗಳ ಮುಷ್ಟಿಯಲ್ಲಿತ್ತು, ಅದು ಗೊತ್ತಿತ್ತು. ನರೋತ್ತಮ ಮೊರಾರ್ಜಿ, ಲಲ್ಲೂಭಾಯಿ ಸಾಮಲ್‌ದಾಸ್, ಕಿಲಾಚಂದ್ ದೇವಚಂದ್ ಅವರನ್ನು ಜೊತೆಗೆ ಸೇರಿಸಿಕೊಂಡು ಹಡಗು ಕೊಂಡರು. ಸಿಂಧಿಯಾ ಸ್ಟೀಮ್ ನೇವಿಗೇಶನ್ ಕಂಪನಿ ನೋಂದಣಿಯಾದದ್ದು ಮಾರ್ಚ್ 27ಕ್ಕೆ. ಲಾಯಲ್ಟಿ ಮುಂಬೈ ಬಂದರು ಬಿಟ್ಟು ಲಂಡನ್ನಿಗೆ ಹೊರಟದ್ದು ಏಪ್ರಿಲ್ 5ಕ್ಕೆ. ಒಂಬತ್ತೇ ದಿನ! ನನಗೆ ಕಾರು ಹೊರಡಿಸಲು ಒಂದು ತಿಂಗಳು ಬೇಕಾಯಿತು.

ಏಪ್ರಿಲ್ 5ನ್ನು ಈಗ ದೇಶದಲ್ಲಿ ರಾಷ್ಟ್ರೀಯ ಕಡಲಯಾನ ದಿನವೆಂದು ಆಚರಿಸುತ್ತಾರೆ. ನಾನು ಹಡಗು ಸರಕಿನ ವಿಮೆಯ ಕೆಲಸದವನು. ನಮ್ಮ ಕಚೇರಿಯಲ್ಲೂ ಆ ದಿನ ಎದೆಗೆ ಚಿಕ್ಕ ಧ್ವಜ ಚುಚ್ಚಿಕೊಳ್ಳುತ್ತೇವೆ, ಸಮೋಸ ತಿನ್ನುತ್ತೇವೆ. ಲಾಯಲ್ಟಿಯ ಮುಂದಿನ ಕಥೆ ಮಾತ್ರ ಯಾರೂ ಹೇಳುವುದಿಲ್ಲ. ಅದು ಲಾಭ ತರಲಿಲ್ಲ. 1923ರಲ್ಲಿ ಮುಂಬೈಯಲ್ಲೇ ಅದನ್ನು ಒಡೆದು ಗುಜರಿಗೆ ಹಾಕಿದರು. ಅತ್ತ ಲಾರ್ಡ್ ಇಂಚ್‌ಕೇಪ್ ಅವರ ಕಂಪನಿಗಳು ಸಾಗಣೆ ದರವನ್ನು ನೆಲಕ್ಕಿಳಿಸಿ ಹೊಸಬರ ಉಸಿರು ಕಟ್ಟಿಸಿದವು. ಕಂಪನಿಯನ್ನೇ ಕೊಂಡುಬಿಡುವ ಪ್ರಸ್ತಾಪವೂ ಬಂತು. ಮಾರಲಿಲ್ಲ. ಆದರೆ 1923ರಲ್ಲಿ ಹತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು: ಸಿಂಧಿಯಾ ಹಡಗುಗಳು ಕರಾವಳಿಯ ಸರಕಿಗೆ ಮಾತ್ರ, ದೂರದ ಸಮುದ್ರಕ್ಕೆ ಇಳಿಯಕೂಡದು. ಲಂಡನ್ನಿಗೆ ಹೋಗಿಬಂದ ಕಂಪನಿ ಮನೆಯ ಅಂಗಳಕ್ಕೆ ಸೀಮಿತವಾಯಿತು. ಇದನ್ನು ಸೋಲು ಎನ್ನಬೇಕೋ, ಉಳಿದುಕೊಳ್ಳುವ ಉಪಾಯ ಎನ್ನಬೇಕೋ? ವಿಮೆಯವನಾಗಿ ನನಗೆ ಎರಡನೆಯದೇ ಸರಿ ಕಾಣುತ್ತದೆ. 1929ರಲ್ಲಿ ಅಧ್ಯಕ್ಷರಾದ ವಾಲ್‌ಚಂದ್ ಇಪ್ಪತ್ತೊಂದು ವರ್ಷ ಆ ಕುರ್ಚಿಯಲ್ಲಿದ್ದರು. ಕೊಂಕಣ ಕರಾವಳಿಯಿಂದ ಮುಂಬೈಗೆ ಜನರನ್ನು ತರುತ್ತಿದ್ದ ಬಾಂಬೆ ಸ್ಟೀಮ್ ನೇವಿಗೇಶನ್ ಕೂಡ ಮುಂದೆ ಸಿಂಧಿಯಾ ತೆಕ್ಕೆಗೇ ಬಂತು.

ನಡುವೆ ಒಂದು ಸಿಹಿ ಸಂಗತಿ. 1920ರ ದಶಕದಲ್ಲಿ ಅವರು ನಾಸಿಕ್ ಜಿಲ್ಲೆಯ ಮಾಲೆಗಾಂವ್ ಹತ್ತಿರ ರಾವಳಗಾಂವದಲ್ಲಿ ಬರಡು ಭೂಮಿ ಕೊಂಡು ಹಸನು ಮಾಡಿ ಕಬ್ಬು ಹಾಕಿದರು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, ಆಮೇಲೆ ಮಿಠಾಯಿ. ರಾವಳಗಾಂವ್ ಮಿಠಾಯಿ ನೆನಪಿದೆ ತಾನೆ? ನಮ್ಮ ಪದ್ಮಿನಿಯ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಅಪ್ಪ ಅದೇ ಇಟ್ಟುಕೊಳ್ಳುತ್ತಿದ್ದರು. ಘಾಟಿ ಏರುವಾಗ ನಮಗೆ ವಾಂತಿಯಾಗದಿರಲಿ ಎಂದು. ಪುಣೆ ಜಿಲ್ಲೆಯ ಕಳಂಬದಲ್ಲಿ ಎದ್ದ ಇನ್ನೊಂದು ಸಕ್ಕರೆ ಊರಿಗೆ ವಾಲ್‌ಚಂದ್‌ನಗರ ಎಂದೇ ಹೆಸರಾಯಿತು.

ಇನ್ನು ಕಾರಿಗೆ ಬರೋಣ. ಇಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಬರುತ್ತಾರೆ. ಮಾಟುಂಗದ ಕರ್ನಾಟಕ ಸಂಘಕ್ಕೆ ಹೋದವರೆಲ್ಲ ಅವರ ಹೆಸರಿನ ಸಭಾಂಗಣದಲ್ಲಿ ಕೂತು ನಾಟಕವನ್ನೋ ಸನ್ಮಾನವನ್ನೋ ನೋಡಿದವರೇ. ಆದರೆ ಮುಂಬೈಯಲ್ಲಿ ಅವರು ಕಾರಿನ ಕಾರ್ಖಾನೆಗಾಗಿ ಅಲೆದದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1935ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವರು ಯುರೋಪು ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿಬಂದರು. ಎಷ್ಟು ಗಾಡಿ, ಎಷ್ಟು ಬಂಡವಾಳ, ಯಾವ ಯಂತ್ರ ಎಂದು ತಮ್ಮ ಎಂದಿನ ಕ್ರಮದಲ್ಲಿ ಯೋಜನೆ ಬರೆದರು. ಬಂಡವಾಳ ಹೂಡಲು ಮುಂದೆ ಬಂದವರಲ್ಲಿ ಮುಖ್ಯರು ವಾಲ್‌ಚಂದ್. ಮೈಸೂರು ಸರ್ಕಾರ ಕೈಜೋಡಿಸಲು ಸಿದ್ಧವಿತ್ತು. ಕಾರ್ಖಾನೆ ಬೆಂಗಳೂರಿನಲ್ಲಿ ಆಗಬಹುದಿತ್ತು. ದೆಹಲಿಯ ಒಪ್ಪಿಗೆ ಸಿಗಲಿಲ್ಲ. ಮುಂಬೈಯ ಕಾಂಗ್ರೆಸ್ ಸರ್ಕಾರ ಬೆಂಬಲಕ್ಕೆ ಬಂತು, ಆದರೆ ಯುದ್ಧ ಶುರುವಾಗಿ 1939ರಲ್ಲಿ ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ವಾಲ್‌ಚಂದ್ ಫೋರ್ಡ್ ಬಾಗಿಲು ತಟ್ಟಿದರು, ಜನರಲ್ ಮೋಟಾರ್ಸ್ ಬಾಗಿಲು ತಟ್ಟಿದರು. ಇಬ್ಬರೂ ಒಲ್ಲೆ ಎಂದರು. ಅವರಿಗೆ ಇಲ್ಲಿ ಬಿಡಿಭಾಗ ತಂದು ಜೋಡಿಸಿ ಮಾರುವುದೇ ಸುಖವಾಗಿತ್ತು. ಒಪ್ಪಿದ್ದು ಕ್ರೈಸ್ಲರ್ ಕಂಪನಿ. 1940ರಲ್ಲಿ ಕಾಗದ ಪತ್ರವಾಯಿತು, ಕಾರ್ಖಾನೆ ಮಾತ್ರ ಆಗಲಿಲ್ಲ. ಕಾರು ಯುದ್ಧಕ್ಕೆ ತುರ್ತಲ್ಲ ಎಂದಿತು ಸರ್ಕಾರ.

ಇದೇ ಕಾರಿನ ಓಡಾಟದಲ್ಲಿ ಅವರಿಗೆ ವಿಮಾನ ಸಿಕ್ಕಿತು. 1939ರಲ್ಲಿ ಶಾಂತಸಾಗರದ ಮೇಲೆ ಹಾರುತ್ತಿದ್ದ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ ಪರಿಚಯವಾದರು. ಚೀನಾ ಸರ್ಕಾರಕ್ಕೆ ವಿಮಾನ ಜೋಡಿಸಿಕೊಡುತ್ತಿದ್ದ ಮನುಷ್ಯ ಆತ. ಹಡಗಿನ ಸುದ್ದಿ ರೈಲಿನಲ್ಲಿ, ವಿಮಾನದ ಯೋಚನೆ ವಿಮಾನದಲ್ಲಿ! ನಾವು ಮೂವತ್ತು ವರ್ಷ ಒಂದೇ ಲೋಕಲ್ಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ಹೋದರೂ ಪಕ್ಕದವನ ಹೆಸರು ಕೇಳುವುದಿಲ್ಲ.

ಕಾರ್ಖಾನೆಗೆ ಜಾಗ ಹುಡುಕುವಾಗ ಮೈಸೂರಿನ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಕೈ ಚಾಚಿದರು. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಮೈಸೂರು ಸಂಸ್ಥಾನ 25 ಲಕ್ಷ ರೂಪಾಯಿ ಹಾಕಿತು. 1941ರ ಆಗಸ್ಟಿನಲ್ಲಿ ಮೊದಲ ವಿಮಾನ, ಹಾರ್ಲೋ ಎಂಬ ತರಬೇತಿ ವಿಮಾನ, ಬೆಂಗಳೂರಿನ ಆಕಾಶಕ್ಕೆ ಏರಿತು. ಭಾರತ ಸರ್ಕಾರವೂ ಪಾಲುದಾರನಾಯಿತು. ಅಷ್ಟರಲ್ಲಿ ಜಪಾನು ಬರ್ಮಾದ ಬಾಗಿಲಿಗೆ ಬಂದಿತ್ತು. 1942ರ ಏಪ್ರಿಲ್‌ನಲ್ಲಿ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡು ಅವರನ್ನು ಹೊರಗೆ ಕಳಿಸಿತು. ಮೈಸೂರು ತನ್ನ ಪಾಲು ಬಿಡಲಿಲ್ಲ, ಆಡಳಿತ ಮಾತ್ರ ಬಿಟ್ಟುಕೊಟ್ಟಿತು. ಸ್ಥಾಪಿಸಿದವರ ಕೈಯಲ್ಲಿ ಕಾರ್ಖಾನೆ ಇದ್ದದ್ದು ಒಂದು ವರ್ಷ ನಾಲ್ಕು ತಿಂಗಳು ಕೂಡ ಇಲ್ಲ. ದೊಡ್ಡಪ್ಪನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಮೂವತ್ತೈದು ವರ್ಷ ಅಲ್ಲಿ ದುಡಿದವರಿಗೂ ಸ್ಥಾಪಕರ ಹೆಸರು ಮಸುಕಾಗಿ ಮಾತ್ರ ನೆನಪಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ನಾನು ಉಂಡದ್ದು, ನಿಮ್ಮಪ್ಪ ಓಡಿಸಿದ್ದು ಒಬ್ಬರದೇ ಎಂದರು. ಆಮೇಲೆ ಫ್ಯಾನ್ ಬೆಲ್ಟ್ ಎರಡು ಇಟ್ಟುಕೋ ಎಂದರು.

ಹಡಗು ಕಟ್ಟುವ ಕಾರ್ಖಾನೆಯ ಕಥೆಯೂ ಹೆಚ್ಚುಕಡಿಮೆ ಇದೇ ಹಾದಿ. ಕಲ್ಕತ್ತಾದಲ್ಲಿ ಜಾಗ ಸಿಗದೆ ವಿಶಾಖಪಟ್ಟಣಕ್ಕೆ ಹೋದರು. 1941ರ ಜೂನ್ 21ರಂದು ರಾಜೇಂದ್ರ ಪ್ರಸಾದ್ ಅಡಿಗಲ್ಲು ಹಾಕಿದರು. ಮರು ವರ್ಷ ಜಪಾನಿನ ಬಾಂಬು ಆ ಊರಿನ ಮೇಲೇ ಬಿತ್ತು. 1948ರ ಮಾರ್ಚ್ 14ರಂದು ಜಲ ಉಷಾ ಎಂಬ ಹಡಗನ್ನು ನೆಹರೂ ನೀರಿಗಿಳಿಸಿದರು. 1952ರಲ್ಲಿ ಅದೂ ಸರ್ಕಾರದ ಹಿಡಿತಕ್ಕೆ ಹೋಯಿತು. ಈ ಬಾರಿ ಸ್ವಂತ ದೇಶದ ಸರ್ಕಾರ. ಇದರಲ್ಲಿ ವಾಲ್‌ಚಂದರದು ತಪ್ಪೇ ಇರಲಿಲ್ಲ ಎಂದು ನಾನು ಹೇಳಲಾರೆ. ಒಂದು ಕೆಲಸ ನೆಲ ಹಿಡಿಯುವ ಮೊದಲೇ ಇನ್ನೊಂದಕ್ಕೆ ಕೈ ಹಾಕುವ ಜಾಯಮಾನ. ಹಡಗು, ಸಕ್ಕರೆ, ವಿಮಾನ, ಕಾರು, ಸುರಂಗ ಎಲ್ಲಕ್ಕೂ ಒಬ್ಬನೇ ಯಜಮಾನ. ಅದೂ ಅಲ್ಲದೆ ಅವರ ಒಂದೊಂದು ಉದ್ಯಮವೂ ಸರ್ಕಾರದ ಆರ್ಡರನ್ನೋ ಸಹಾಯಧನವನ್ನೋ ನೆಚ್ಚಿಕೊಂಡದ್ದು. ನೆಚ್ಚಿದವರ ಕೈಗೇ ಕೊನೆಗೆ ಕೀಲಿ ಹೋಗುವುದು ಆಶ್ಚರ್ಯವಲ್ಲ.

ಕಾರು ಮಾತ್ರ ಅವರ ಬಳಿ ಉಳಿಯಿತು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಯಿತು. ಟಾಟಾಗಳು ಹೊರಬಿದ್ದ ಮೇಲೆ ಕಟ್ಟಡದ ಕಂಪನಿಗೆ ಇಟ್ಟಿದ್ದ ಪ್ರೀಮಿಯರ್ ಎಂಬ ಹೆಸರೇ ಕಾರಿಗೂ ಬಂತು. ಬೆಂಗಳೂರಿಗೆ ಬರಬಹುದಾಗಿದ್ದ ಕಾರ್ಖಾನೆ ಕುರ್ಲಾದಲ್ಲಿ ಎದ್ದಿತು. ಸ್ವಾತಂತ್ರ್ಯ ಬಂದ 1947ರಲ್ಲಿ ಡಾಡ್ಜ್, ಡಿಸೋಟೊ ಗಾಡಿಗಳು ಅಲ್ಲಿಂದ ಹೊರಬಿದ್ದವು. ಮೊದಮೊದಲು ಅದೂ ಜೋಡಣೆಯೇ. ಬಿಡಿಭಾಗಗಳನ್ನು ಒಂದೊಂದಾಗಿ ಇಲ್ಲೇ ಮಾಡಲು ಕಲಿತದ್ದು ಆಮೇಲೆ. 1949ರಲ್ಲಿ ವಾಲ್‌ಚಂದರಿಗೆ ಪಾರ್ಶ್ವವಾಯು ಹೊಡೆಯಿತು. 1950ರಲ್ಲಿ ಕೆಲಸದಿಂದ ನಿವೃತ್ತರಾದರು. ಪತ್ನಿ ಕಸ್ತೂರಬಾಯಿಯವರ ಆರೈಕೆಯಲ್ಲಿ ಕಡೆಯ ವರ್ಷಗಳು ಕಳೆದವು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡಾಗ ಅವರಿಗೆ 70 ವರ್ಷ. ಅದೇ ವರ್ಷ ಸರ್ಕಾರ ಹೊಸ ನೀತಿ ತಂದಿತು: ಬರಿಯ ಜೋಡಣೆ ಸಾಲದು, ಇಲ್ಲೇ ತಯಾರಿಸುವವರಿಗೆ ಮಾತ್ರ ಜಾಗ. ಅಂದು ಒಲ್ಲೆ ಎಂದಿದ್ದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿದವು. ಅದನ್ನು ನೋಡಲು ಅವರಿರಲಿಲ್ಲ.

ಪದ್ಮಿನಿಯನ್ನು ನೋಡಲೂ ಇರಲಿಲ್ಲ. ಫಿಯಟ್ ಜೊತೆಗಿನ ನಂಟು 1951ರಲ್ಲಿ ಸಣ್ಣ ಕಾರೊಂದರಿಂದ ಶುರುವಾಯಿತು. 1954ರಿಂದ ಫಿಯಟ್ 1100. 1964ರಲ್ಲಿ ಅದೇ ಸಾಲಿನ 1100 ಡಿ. ಇಟಲಿಯ ಹೆಸರು ಕಳಚಿ, ರಜಪೂತರ ರಾಣಿಯ ಹೆಸರು ಇಟ್ಟದ್ದು 1974ರಲ್ಲಿ. ಜನ ಮಾತ್ರ ಕೊನೆಯವರೆಗೂ ಫಿಯಟ್ ಎಂದೇ ಕರೆದರು. 1089 ಸಿಸಿ ಇಂಜಿನ್, ಸ್ಟೀರಿಂಗ್ ಕೋಲಿನ ಪಕ್ಕದಲ್ಲೇ ಗೇರು, ಮುಂದಿನ ಬಾಗಿಲಿಗೆ ಗಾಳಿ ತಿರುಗಿಸುವ ಮುಕ್ಕೋನ ಗಾಜು. ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿ ಎಂದರೆ ಅದೇ. ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ 30ರಂದು ರಸ್ತೆಯಿಂದ ಇಳಿಯಿತು. ಟ್ಯಾಕ್ಸಿಗೆ ಇಲ್ಲಿ 20 ವರ್ಷವೇ ಆಯುಷ್ಯ. ನಮ್ಮಂಥ ಖಾಸಗಿ ಗಾಡಿಗೆ 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ಮರುನೋಂದಣಿ, ಜೊತೆಗೆ ಹಸಿರು ತೆರಿಗೆ. ಅಪ್ಪ ಒಂದು ಸಲವೂ ತಪ್ಪಿಸಿರಲಿಲ್ಲ. ಕಾಗದಗಳನ್ನೆಲ್ಲ ಹಳೆಯ ಸೀರೆ ಡಬ್ಬಿಯಲ್ಲಿ ಇಟ್ಟಿದ್ದರು. ಕರ್ನಾಟಕಕ್ಕೆ ಒಯ್ಯಲು ಆರ್‌ಟಿಒದಿಂದ ಎನ್‌ಒಸಿ ಬೇಕು ಎಂದು ಆ ಡಬ್ಬಿ ತೆಗೆದಾಗ ಕಾರು ಬುಕ್ ಮಾಡಿದ ರಶೀದಿಯೂ ಸಿಕ್ಕಿತು. ಆ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ರಶೀದಿಯ ಹಿಂಬದಿಯಲ್ಲಿ ಅಪ್ಪ ಪೆನ್ಸಿಲಿನಿಂದ ಪಿಎಫ್ ಸಾಲದ ಕಂತು, ಮನೆಯ ಬಾಡಿಗೆ, ನನ್ನ ಶಾಲೆಯ ಫೀಸು ಎಲ್ಲ ಕೂಡಿ ಕಳೆದಿದ್ದರು. ಕೆಳಗೆ ಉಳಿದ ಮೊತ್ತ 40 ರೂಪಾಯಿ. ಅಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಡಬ್ಬಿಗೆ ಹಾಕಿದರು.

ಬಿಡಿಭಾಗ ಹುಡುಕಲು ಎರಡು ಶನಿವಾರ ಮಿಸ್ತ್ರಿಯ ಜೊತೆ ಕುರ್ಲಾದ ಸಿಎಸ್‌ಟಿ ರಸ್ತೆಗೆ ಹೋಗಿದ್ದೆ. ಗಾಡಿಗಳ ಕಸಾಯಿಖಾನೆ ಅದು. ಕಿವಿ ಮೂಗು ಎಲ್ಲ ಬೇರೆ ಬೇರೆ ಜೋಡಿಸಿಟ್ಟಿರುತ್ತಾರೆ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸೆಟ್ಟು, ಕಂಡೆನ್ಸರು, ಮುಕ್ಕೋನ ಗಾಜಿನ ರಬ್ಬರು ಸಿಕ್ಕಿದವು. ಮಿಸ್ತ್ರಿ ಒಂದೊಂದನ್ನೂ ಮೂಸಿ ನೋಡಿ ಕೊಂಡರು. ವಾಪಸು ಬರುವಾಗ ಪ್ರೀಮಿಯರ್ ರೋಡಿನಲ್ಲಿ ರಿಕ್ಷಾ ನಿಲ್ಲಿಸಿದರು. ಕಾರ್ಖಾನೆ ಎಲ್ಲಿ ಎಂದೆ. ಎದುರಿಗಿದ್ದ ಎತ್ತರದ ವಸತಿ ಕಟ್ಟಡಗಳ ಕಡೆ ಕೈ ತೋರಿಸಿದರು. ಪಾಳಿ ಬಿಡುವಾಗ ರಸ್ತೆ ತುಂಬ ಸೈಕಲ್ಲು, ಗೇಟಿನ ಎದುರು ಎರಡು ಚಹಾದಂಗಡಿ, ಹೊಸ ಗಾಡಿಗಳು ಸಾಲಾಗಿ ಹೊರಬರುವಾಗ ಬಣ್ಣದ ವಾಸನೆ ಎಂದೆಲ್ಲ ಹೇಳಿದರು. ಮುಷ್ಕರ, ಹೊಸ ಕಾರುಗಳ ಪೈಪೋಟಿ, ಎಲ್ಲ ಸೇರಿ ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಪದ್ಮಿನಿಯ ಕಾಲವೂ ಮುಗಿದಿತ್ತು. ನಮ್ಮ ಸೊಸೈಟಿಯ ಕಟ್ಟಡದ ಗತಿಯೂ ಇನ್ನು ಕೆಲವು ತಿಂಗಳಲ್ಲಿ ಅದೇ ಎಂದು ನನಗೆ ಅನಿಸಿತು. ರಿಕ್ಷಾದವನು ಮೀಟರ್ ಓಡುತ್ತಿದೆ ಎಂದು ನೆನಪಿಸಿದ.

ಮಿಸ್ತ್ರಿ ಕೊಟ್ಟ ಸಾಮಾನು ಪಟ್ಟಿ ಅಡುಗೆಮನೆಯ ಫ್ರಿಜ್ಜಿನ ಮೇಲೆ ಅಂಟಿಕೊಂಡಿತು. ಪ್ಲಗ್ಗು ನಾಲ್ಕು, ಪ್ಲಗ್ ಪಾನಾ, ಫ್ಯಾನ್ ಬೆಲ್ಟು ಎರಡು, ರೇಡಿಯೇಟರ್ ಹೋಸು, ಕ್ಲಿಪ್ಪು, ಫ್ಯೂಸು, ಒಂದು ಅಡಿ ತಂತಿ, ಬ್ರೇಕ್ ಆಯಿಲು, ಐದು ಲೀಟರ್ ನೀರು, ಸ್ಟೆಪ್ನಿಯ ಗಾಳಿ. ಕೊನೆಗೆ ಒಂದು ಹಳೆಯ ಹತ್ತಿ ಬಟ್ಟೆ. ಘಾಟಿಯಲ್ಲಿ ಇಂಜಿನ್ ಕಾದರೆ ಪೆಟ್ರೋಲು ನಳಿಗೆಯೊಳಗೇ ಆವಿಯಾಗಿ ಪಂಪು ಎಳೆಯುವುದನ್ನು ನಿಲ್ಲಿಸುತ್ತದೆ, ಗಾಡಿ ಕೆಮ್ಮಿ ನಿಲ್ಲುತ್ತದೆ. ಆಗ ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹೊದಿಸಿ ಹತ್ತು ನಿಮಿಷ ಕಾಯಬೇಕು. ಬೇರೆ ಮದ್ದಿಲ್ಲ. ಅಮ್ಮ ಅಪ್ಪನ ಒಂದು ಪಂಚೆ ಹರಿದು ಕೊಟ್ಟರು.

ದಾರಿ ನಿಶ್ಚಯ ಮಾಡಲು ಮಗಳು ಫೋನಿನ ನಕ್ಷೆ ಹಿಡಿದು ಕೂತಳು. ಪುಣೆ, ಸಾತಾರ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಹಿರಿಯೂರು. ಅಲ್ಲಿ ಹೆದ್ದಾರಿ ಬಿಟ್ಟು ಹುಳಿಯಾರಿನ ಮೇಲೆ ತಿಪಟೂರು. ಮೂರು ದಿನ, ಗಂಟೆಗೆ 60ಕ್ಕಿಂತ ಜೋರಿಲ್ಲ, ರಾತ್ರಿ ಓಡಿಸುವುದಿಲ್ಲ. ನಾನು ಅವಳಿಗೆ ವಾಲ್‌ಚಂದರ ಊರುಗಳನ್ನು ತೋರಿಸಿದೆ. ಸಾತಾರದ ಕೂಪರ್ ಇಂಜಿನಿಯರಿಂಗ್ ಕಾರ್ಖಾನೆಯನ್ನು ಅವರು 1940ರಲ್ಲಿ ವಹಿಸಿಕೊಂಡಿದ್ದರು. ಕೊಲ್ಹಾಪುರಕ್ಕೆ ಮೊದಲು ಎಡಕ್ಕೆ ತಿರುಗಿದರೆ ಸಾಂಗ್ಲಿ; ಅಲ್ಲಿನ ಇಂಜಿನಿಯರಿಂಗ್ ಕಾಲೇಜಿಗೆ ಅವರದೇ ಹೆಸರು. ಕರ್ನಾಟಕದ ಕಷ್ಟಪಟ್ಟು ಓದುವ ಗಡಿನಾಡ ಹುಡುಗರು ಎಷ್ಟೋ ಮಂದಿ ಅಲ್ಲಿ ಕಲಿತವರು. ಆ ಹೆದ್ದಾರಿಯಲ್ಲೇ ಕೊನೆತನಕ ಹೋದರೆ ಬೆಂಗಳೂರು. ಅವಳು ಎಲ್ಲ ಕೇಳಿ, ಎಸಿ ಇಲ್ಲದೆ ಮೂರು ದಿನ ಹೇಗಪ್ಪ ಎಂದಳು. ಮುಕ್ಕೋನ ಗಾಜನ್ನು ತಿರುಗಿಸಿ ತೋರಿಸಿದೆ. ಗಾಳಿ ನೇರ ಅವಳ ಮುಖಕ್ಕೆ ಬಂತು.

ಹೊರಟದ್ದು ಶುಕ್ರವಾರ ಬೆಳಗಿನ ಜಾವ ನಾಲ್ಕಕ್ಕೆ. ಸೊಸೈಟಿಯ ವಾಚ್‌ಮನ್ ಜೊತೆಗೆ ಮೂರ್ನಾಲ್ಕು ಹಳಬರು ಎದ್ದು ಬಂದಿದ್ದರು. ಅಮ್ಮ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಮುಂದಿನ ಸೀಟಿನಲ್ಲಿ ಕೂತು, ಸೆರಗು ಬಿಗಿದುಕೊಂಡರು. ಮಂಡಿನೋವು, ಬೆನ್ನುನೋವು, ರೈಲಿನಲ್ಲಿ ಬರುತ್ತೇನೆ ಎಂದಿದ್ದ ಮಾತು ಯಾವುದೂ ಆಗ ಲೆಕ್ಕಕ್ಕೆ ಬರಲಿಲ್ಲ. ಚೋಕ್ ಎಳೆದು ಕೀಲಿ ತಿರುಗಿಸಿದೆ. ಎರಡನೆಯ ಸಲಕ್ಕೆ ಹತ್ತಿಕೊಂಡಿತು.

ಎಕ್ಸ್‌ಪ್ರೆಸ್‌ವೇಗೆ ಹೋಗಲಿಲ್ಲ, ಹಳೆಯ ಹೆದ್ದಾರಿ ಹಿಡಿದು ಪನ್ವೇಲ್, ಖೋಪೋಲಿ ದಾಟಿ ಘಾಟಿ ಏರಿದೆವು. ಎರಡನೆಯ ಗೇರಿನಲ್ಲಿ ನರಳುತ್ತ ಮುಕ್ಕಾಲು ಹತ್ತಿದ ಮೇಲೆ, ಮಿಸ್ತ್ರಿ ಹೇಳಿದ್ದ ಹಾಗೇ, ಒಂದು ಕೆಮ್ಮು ಕೆಮ್ಮಿ ನಿಂತಿತು. ಬದಿಗೆ ತಳ್ಳಿ, ಬಾನೆಟ್ ಎತ್ತಿ, ಪಂಚೆಯ ತುಂಡು ನೆನೆಸಿ ಪಂಪಿನ ಮೇಲೆ ಹಾಕಿದೆ. ಕಣಿವೆಯ ಆಚೆ ಬದಿಯಲ್ಲಿ ಪುಣೆಯ ಕಡೆಗೆ ಹೋಗುವ ರೈಲೊಂದು ಹಿಂದೆ ಎರಡು ತಳ್ಳುವ ಇಂಜಿನ್ ಸಿಕ್ಕಿಸಿಕೊಂಡು ಏರಿ ಬರುತ್ತಿತ್ತು. ಸುರಂಗದೊಳಗೆ ಡಬ್ಬಿಗಳು ಒಂದೊಂದಾಗಿ ಹೋಗುವುದನ್ನು ಅಮ್ಮ ಕಿಟಕಿಯಿಂದ ನೋಡುತ್ತಿದ್ದರು. ಮಗಳು ಡ್ಯಾಶ್‌ಬೋರ್ಡಿನ ಖಾನೆ ತೆರೆದು ಮಿಠಾಯಿ ಹಂಚಿದಳು. ಹತ್ತು ನಿಮಿಷವಾದ ಮೇಲೆ ಪಂಪನ್ನು ಮುಟ್ಟಿ ನೋಡಿದೆ. ತಣ್ಣಗಾಗಿತ್ತು.